ಕಾಲಿನ ನಾಡಿ ಹಿಡಿದು ನೋಡುವವರಾರು?

1949ರ ಮಾರ್ಚ್ 12ರಂದು ಲಂಡನ್ನಿನ ಬಕಿಂಗ್‌ಹ್ಯಾಮ್ ಅರಮನೆಯ ಕೋಣೆಯೊಂದು ಆಪರೇಷನ್ ಕೊಠಡಿಯಾಯಿತು. ಸ್ಕಾಟ್ಲೆಂಡಿನ ಸರ್ಜನ್ ಜೇಮ್ಸ್ ಲಿಯರ್‌ಮಂತ್ ಅಲ್ಲಿ ಆರನೆಯ ಜಾರ್ಜ್ ದೊರೆಯ ಸೊಂಟದೊಳಗಿನ ಕೆಲವು ನರಗಳನ್ನು ಕತ್ತರಿಸಿದರು. ದೊರೆಯ ಕಾಲುಗಳಿಗೆ ರಕ್ತ ಒಯ್ಯುವ ಅಪಧಮನಿಗಳು ಕಟ್ಟಿಕೊಂಡಿವೆ ಎಂದು ಹಿಂದಿನ ನವೆಂಬರಿನಲ್ಲೇ ಗೊತ್ತಾಗಿತ್ತು. ಬಲಗಾಲನ್ನು ಕತ್ತರಿಸಬೇಕಾದೀತೆಂಬ ದಿಗಿಲೂ ಇತ್ತು. ಕಟ್ಟಿದ ನಾಳವನ್ನು ತೆರೆಯುವ ವಿದ್ಯೆ ಆಗಿನ್ನೂ ಕಣ್ಣು ಬಿಡುತ್ತಿತ್ತಷ್ಟೆ. ನರ ಕತ್ತರಿಸಿದರೆ ಚರ್ಮದ ಸಣ್ಣ ನಾಳಗಳು ಹಿಗ್ಗಿ ಪಾದಕ್ಕೆ ಒಂದಿಷ್ಟು ಹೆಚ್ಚು ರಕ್ತ ಹರಿದೀತು ಎಂಬುದು ಅಂದಿನ ಲೆಕ್ಕ. ಕಾಲು ಉಳಿಯಿತು. ಆದರೆ 1951ರ ಸೆಪ್ಟೆಂಬರಿನಲ್ಲಿ ಕ್ಯಾನ್ಸರ್ ಹಿಡಿದ ಎಡ ಶ್ವಾಸಕೋಶವನ್ನು ತೆಗೆಯಬೇಕಾಯಿತು. 1952ರ ಫೆಬ್ರವರಿ 6ರಂದು ಹೃದಯದ ನಾಳ ಹೆಪ್ಪುಗಟ್ಟಿ ದೊರೆ ನಿದ್ದೆಯಲ್ಲೇ ತೀರಿಕೊಂಡರು. ಆಗ ಅವರಿಗೆ 56 ವರ್ಷ.

ಕಾಲು, ಶ್ವಾಸಕೋಶ, ಹೃದಯ ಮೂರನ್ನೂ ಕೆಡಿಸಿದ್ದರಲ್ಲಿ ಆತ ವರ್ಷಗಟ್ಟಲೆ ಸೇದಿದ ಸಿಗರೇಟಿನ ಪಾಲು ದೊಡ್ಡದು. ಇವತ್ತು ನಮ್ಮ ಕೈಯಲ್ಲಿ ಬಲೂನಿದೆ, ಸ್ಟೆಂಟಿದೆ, ಬೈಪಾಸ್ ಇದೆ. ಆದರೂ ಕಾಲಿನ ರಕ್ತನಾಳದ ಕಾಯಿಲೆಯನ್ನು ಬರೀ ಕಾಲಿನದೆಂದು ನೋಡುವ ಅಭ್ಯಾಸ ಹೋಗಿಲ್ಲ. ಇಂಥ ರೋಗಿಗಳ ವಿಷಯದಲ್ಲಿ ನಾವು ತಾಳ್ಮೆ ಬೇಕಾದ ಕಡೆ ಅವಸರಪಡುತ್ತೇವೆ, ಓಡಬೇಕಾದ ಕಡೆ ಕೈಕಟ್ಟಿ ಕೂರುತ್ತೇವೆ ಎಂಬುದು ನನ್ನ ದೂರು. ಎರಡು ತಪ್ಪುಗಳೂ ಹುಟ್ಟುವುದು ಒಂದೇ ಕಡೆ: ರೋಗಿಯ ಕಾಲನ್ನು ಯಾರೂ ಮುಟ್ಟಿ ನೋಡುವುದಿಲ್ಲ.

ಹೃದಯದಿಂದ ಹೊರಟ ಮಹಾಪಧಮನಿ ಹೊಟ್ಟೆಯ ಹಿಂಬದಿಯಲ್ಲಿ ಬೆನ್ನುಮೂಳೆಗೆ ಅಂಟಿಕೊಂಡಂತೆ ಇಳಿದು, ಹೆಚ್ಚುಕಡಿಮೆ ಹೊಕ್ಕುಳ ಮಟ್ಟದಲ್ಲಿ ಎರಡಾಗಿ ಕವಲೊಡೆಯುತ್ತದೆ. ಈ ಕವಲುಗಳೇ ಇಲಿಯಾಕ್ ಅಪಧಮನಿಗಳು. ಒಂದೊಂದರಿಂದಲೂ ಒಂದು ಟಿಸಿಲು ಕಿಬ್ಬೊಟ್ಟೆಯ ಒಳಗೆ ಹೊಕ್ಕು ಪಿರ್ರೆಗಳಿಗೂ ಜನನಾಂಗಗಳಿಗೂ ರಕ್ತ ಕೊಡುತ್ತದೆ. ಇನ್ನೊಂದು ತೊಡೆಸಂದಿಯಲ್ಲಿ ಚರ್ಮದ ಕೆಳಗೇ ಹಾದು ತೊಡೆ, ಮಂಡಿಯ ಹಿಂಬದಿ, ಮೀನಖಂಡಗಳನ್ನು ದಾಟಿ ಪಾದ ಮುಟ್ಟುತ್ತದೆ. ನಾಳದ ಒಳಗೋಡೆಯಲ್ಲಿ ಕೊಬ್ಬು ಮತ್ತು ಸುಣ್ಣದ ಪದರ ವರ್ಷಾನುಗಟ್ಟಲೆ ಕೂತು ದಾರಿ ಕಿರಿದಾಗುವಾಗ ದೇಹವೂ ಸುಮ್ಮನಿರುವುದಿಲ್ಲ, ಅಕ್ಕಪಕ್ಕದ ಸಣ್ಣ ನಾಳಗಳನ್ನು ಹಿಗ್ಗಿಸಿಕೊಂಡು ಬಳಸುದಾರಿ ಮಾಡಿಕೊಳ್ಳುತ್ತದೆ. ಆದ್ದರಿಂದ ಕೂತಾಗ, ಮಲಗಿದಾಗ ಏನೂ ತಿಳಿಯದು. ನಡೆಯುವಾಗ ಸ್ನಾಯುಗಳು ಹಲವು ಪಟ್ಟು ಹೆಚ್ಚು ರಕ್ತ ಕೇಳುತ್ತವೆ. ಬಳಸುದಾರಿ ಅಷ್ಟನ್ನು ಪೂರೈಸಲಾರದು. ಒಂದಷ್ಟು ದೂರ ಹೋದಮೇಲೆ ಹಿಂಡಿದಂಥ ನೋವು ಹಿಡಿದು ಮನುಷ್ಯ ನಿಲ್ಲುತ್ತಾನೆ. ನಾಲ್ಕಾರು ನಿಮಿಷ ನಿಂತರೆ ನೋವು ಮಾಯ. ಮತ್ತೆ ಅಷ್ಟೇ ದೂರ ನಡೆದರೆ ಮತ್ತೆ ಅದೇ ನೋವು. 1831ರಲ್ಲಿ ಇದನ್ನು ಮೊದಲು ವಿವರಿಸಿದವರು ಫ್ರಾನ್ಸಿನ ಪಶುವೈದ್ಯ ಬುಲೇ, ಅದೂ ಒಂದು ಕುದುರೆಯಲ್ಲಿ. ಮನುಷ್ಯರಲ್ಲೂ ಇದೇ ಕಾಯಿಲೆಯಿದೆ ಎಂದು ವೈದ್ಯ ಶಾರ್ಕೋ ತೋರಿಸಿದ್ದು 1858ರಲ್ಲಿ.

ನೋವು ಕಾಣಿಸುವುದು ಅಡಚಣೆ ಇರುವ ಜಾಗಕ್ಕಿಂತ ಒಂದು ಮೆಟ್ಟಿಲು ಕೆಳಗೆ. ತೊಡೆಯ ನಾಳ ಕಟ್ಟಿದರೆ ಮೀನಖಂಡ ನೋಯುತ್ತದೆ. ಕಿಬ್ಬೊಟ್ಟೆಯ ಮಟ್ಟದಲ್ಲಿ ಕಟ್ಟಿದರೆ ಪಿರ್ರೆ, ಸೊಂಟದ ಕೀಲಿನ ಸುತ್ತ, ತೊಡೆ ನೋಯುತ್ತವೆ. ಫ್ರೆಂಚ್ ಸರ್ಜನ್ ರೆನೆ ಲೆರಿಶ್ 1940ರಲ್ಲಿ ಇದನ್ನು ಸ್ಪಷ್ಟವಾಗಿ ಬರೆದಿಟ್ಟರು: ನಡೆದರೆ ಪಿರ್ರೆ, ತೊಡೆಗಳಲ್ಲಿ ನೋವು, ತೊಡೆಸಂದಿಯಲ್ಲಿ ನಾಡಿ ಸಿಗದಿರುವುದು, ಗಂಡಸರಲ್ಲಿ ಲೈಂಗಿಕ ಶಕ್ತಿ ಕುಂದುವುದು. ಈ ಮೂರೂ ಒಟ್ಟಿಗಿದ್ದರೆ ಮಹಾಪಧಮನಿಯ ಕವಲಿನಲ್ಲೇ ತಡೆಯಿದೆ ಎಂದು ಯಾವ ಯಂತ್ರವೂ ಇಲ್ಲದೆ ಹೇಳಬಹುದು. ಇದು ಇಂದಿಗೂ ಲೆರಿಶ್ ಹೆಸರಿನಲ್ಲೇ ಇದೆ.

ಇಷ್ಟು ಸರಳವಾದದ್ದು ನಮ್ಮ ಕಡೆ ಯಾಕೆ ತಪ್ಪಿಹೋಗುತ್ತದೆ? ಸೊಂಟ, ಪಿರ್ರೆ, ತೊಡೆ ನೋವು ಅಂದ ಕೂಡಲೇ ಮನೆಯವರು ವಾತ ಅನ್ನುತ್ತಾರೆ, ವಯಸ್ಸಾಯ್ತು ಅನ್ನುತ್ತಾರೆ, ಎಣ್ಣೆ ತಿಕ್ಕುತ್ತಾರೆ. ವೈದ್ಯರ ಬಳಿ ಹೋದರೆ ಬೆನ್ನಿನ ಎಂಆರ್‌ಐ. ಅರವತ್ತು ದಾಟಿದವರ ಬೆನ್ನುಮೂಳೆಯ ಎಂಆರ್‌ಐಯಲ್ಲಿ ಡಿಸ್ಕ್ ಸವೆದಿರುವುದು, ಉಬ್ಬಿರುವುದು ಏನಾದರೊಂದು ಕಂಡೇ ಕಾಣುತ್ತದೆ. ಕಂಡದ್ದನ್ನೇ ಕಾರಣವೆಂದು ಹಿಡಿದು ಬೆಲ್ಟು, ಟ್ರಾಕ್ಷನ್ನು, ನೋವಿನ ಗುಳಿಗೆಗಳಲ್ಲಿ ವರ್ಷ ಕಳೆದುಹೋಗುತ್ತದೆ. ಬೆನ್ನುಹುರಿಯ ಕಾಲುವೆ ಕಿರಿದಾದಾಗಲೂ ನಡೆದರೆ ಕಾಲು ನೋಯುವುದು ನಿಜ. ಆದರೆ ಆ ನೋವು ಸುಮ್ಮನೆ ನಿಂತರೆ ಹೋಗುವುದಿಲ್ಲ, ಕೂರಬೇಕು, ಇಲ್ಲವೇ ಮುಂದಕ್ಕೆ ಬಾಗಬೇಕು. ಅಂಥವರು ತಳ್ಳುಗಾಡಿಯ ಮೇಲೆ ಬಾಗಿಕೊಂಡು ಎಷ್ಟು ದೂರ ಬೇಕಾದರೂ ಹೋಗುತ್ತಾರೆ, ಸೈಕಲ್ ತುಳಿಯುತ್ತಾರೆ. ರಕ್ತನಾಳದ ನೋವಿಗೆ ಬಾಗುವುದೂ ಬೇಡ, ಕೂರುವುದೂ ಬೇಡ, ನಿಂತರೆ ಸಾಕು. ಈ ವ್ಯತ್ಯಾಸ ತಿಳಿಯಲು ಎರಡು ಪ್ರಶ್ನೆ ಕೇಳಬೇಕು, ಅಷ್ಟೆ.

ಇನ್ನೊಂದು ತಡೆ ನಾಚಿಕೆ. ದಾಂಪತ್ಯದ ಶಕ್ತಿ ಕುಂದಿರುವುದನ್ನು ಐವತ್ತೈದರ ಗಂಡಸು ತಾನಾಗಿ ಡಾಕ್ಟರ ಮುಂದೆ ಹೇಳುವುದಿಲ್ಲ, ಅದರಲ್ಲೂ ಪಕ್ಕದಲ್ಲಿ ಮಗಳೋ ಸೊಸೆಯೋ ನಿಂತಿದ್ದರೆ. ಡಾಕ್ಟರೂ ಕೇಳುವುದಿಲ್ಲ. ಕಾಲು ನೋವಿಗೂ ಅದಕ್ಕೂ ನಂಟಿರಬಹುದೆಂಬ ಯೋಚನೆ ಇಬ್ಬರಿಗೂ ಹೊಳೆಯುವುದಿಲ್ಲ. ಹೆಂಗಸರ ಪಾಡು ಇನ್ನೂ ಕಷ್ಟ. ಇದು ಬೀಡಿ ಸೇದುವ ಗಂಡಸರ ಕಾಯಿಲೆ ಎಂಬ ಪೂರ್ವಗ್ರಹದಿಂದ ಅವರ ದೂರು ಮೊದಲೇ ಹಗುರಾಗುತ್ತದೆ. ತೊಡೆಸಂದಿಯನ್ನು ಮುಟ್ಟಿ ನಾಡಿ ನೋಡಲು ವೈದ್ಯರಿಗೂ ಸಂಕೋಚ, ರೋಗಿಗೂ ಸಂಕೋಚ. ಒಬ್ಬ ನರ್ಸನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು, ಹೇಳಿ, ಒಪ್ಪಿಗೆ ಪಡೆದು ಅರ್ಧ ನಿಮಿಷದಲ್ಲಿ ಮುಗಿಸಬಹುದಾದ ಕೆಲಸವಿದು. ಆ ಅರ್ಧ ನಿಮಿಷವನ್ನು ಬಿಟ್ಟು ಸಾವಿರಾರು ರೂಪಾಯಿಯ ಸ್ಕ್ಯಾನಿಗೆ ಬರೆದುಕೊಡುವುದು ನನಗೆ ಸಭ್ಯತೆಯಾಗಿ ಕಾಣುವುದಿಲ್ಲ.

ಮುಟ್ಟಬೇಕಾದ ಜಾಗಗಳು ನಾಲ್ಕು: ತೊಡೆಸಂದಿ, ಮಂಡಿಯ ಹಿಂದೆ, ಪಾದದ ಒಳಗಂಟಿನ ಹಿಂದೆ, ಪಾದದ ಮೇಲೆ. ಯಾವ ಮಟ್ಟದಲ್ಲಿ ನಾಡಿ ಕೈಗೆ ಸಿಗದೋ ಅದರ ಮೇಲೆ ತಡೆಯಿದೆ ಎಂದರ್ಥ. ಅನುಮಾನ ಬಂದರೆ ಮುಂದಿನ ಹೆಜ್ಜೆ ಬಿಪಿ ಪಟ್ಟಿಯದು. ತೋಳಿನ ರಕ್ತದೊತ್ತಡ ಅಳೆದ ಹಾಗೆಯೇ ಪಾದದ ಗಂಟಿನ ಮೇಲೆ ಪಟ್ಟಿ ಸುತ್ತಿ, ಕೈಯಲ್ಲಿ ಹಿಡಿಯುವ ಪುಟ್ಟ ಡಾಪ್ಲರಿನಿಂದ ಸದ್ದು ಕೇಳಿಸಿಕೊಂಡು ಅಲ್ಲಿನ ಒತ್ತಡ ಅಳೆಯುತ್ತಾರೆ. ಕಾಲಿನ ಅಂಕಿಯನ್ನು ತೋಳಿನ ಅಂಕಿಯಿಂದ ಭಾಗಿಸಿದರೆ ಬರುವುದನ್ನು ವೈದ್ಯರು ಎಬಿಐ ಅನ್ನುತ್ತಾರೆ. ಅದು ಸಾಮಾನ್ಯವಾಗಿ 1ರಿಂದ 1.4ರ ನಡುವೆ ಇರಬೇಕು. 0.9 ಅಥವಾ ಅದಕ್ಕಿಂತ ಕಡಿಮೆಯಾದರೆ ಕಾಯಿಲೆ ಇದೆ. 0.4ಕ್ಕಿಂತ ಕೆಳಗಿಳಿದರೆ ಕಾಲು ಅಪಾಯದಲ್ಲಿದೆ. ಕಿಬ್ಬೊಟ್ಟೆಯ ಮಟ್ಟದ ತಡೆ ಇದ್ದವರಲ್ಲಿ ಬಳಸುದಾರಿ ಚೆನ್ನಾಗಿದ್ದರೆ ಮಲಗಿಸಿ ಅಳೆದ ಅಂಕಿ ಸರಿಯಾಗೇ ಬರಬಹುದು. ಆಗ ಸ್ವಲ್ಪ ನಡೆಸಿ ಮತ್ತೆ ಅಳೆದರೆ ಕುಸಿದದ್ದು ಗೊತ್ತಾಗುತ್ತದೆ.

ಆದರೆ ಸಕ್ಕರೆ ಕಾಯಿಲೆಯವರಲ್ಲಿ ಈ ಲೆಕ್ಕ ಕೈಕೊಡಬಹುದು. ನಮ್ಮ ರಾಜ್ಯದಲ್ಲಿ ಅಂಥವರೇ ಹೆಚ್ಚುತ್ತಿರುವುದರಿಂದ ಇಲ್ಲಿ ಸ್ವಲ್ಪ ನಿಲ್ಲಬೇಕು. ಬಹುಕಾಲದ ಶುಗರಿನಿಂದ, ಮೂತ್ರಪಿಂಡದ ಕಾಯಿಲೆಯಿಂದ ನಾಳದ ಗೋಡೆ ಸುಣ್ಣಗಟ್ಟಿ ಪಟ್ಟಿ ಬಿಗಿದರೂ ಅಮುಕಿಕೊಳ್ಳುವುದಿಲ್ಲ. ಆಗ ಅಂಕಿ 1.4 ದಾಟಿ, ಎಲ್ಲ ಚೆನ್ನಾಗಿದೆ ಎಂಬ ಸುಳ್ಳು ಭರವಸೆ ಕೊಡುತ್ತದೆ. ಇಂಥವರಲ್ಲಿ ಕಾಲಿನ ಹೆಬ್ಬೆರಳಿನ ಒತ್ತಡ ಅಳೆಯಬೇಕು, ಬೆರಳ ನಾಳಗಳು ಸಾಮಾನ್ಯವಾಗಿ ಅಷ್ಟು ಬೇಗ ಸುಣ್ಣಗಟ್ಟುವುದಿಲ್ಲ. ಜೊತೆಗೆ ಶುಗರು ನರಗಳನ್ನೂ ಮರಗಟ್ಟಿಸಿರುತ್ತದೆ. ಹಾಗಾಗಿ ನಡೆದರೆ ನೋವು ಎಂಬ ಮುನ್ಸೂಚನೆಯೇ ಇರುವುದಿಲ್ಲ. ಚಪ್ಪಲಿ ಕಚ್ಚಿದ್ದು, ಉಗುರು ಕತ್ತರಿಸುವಾಗ ಆದ ಗೀರು, ಕಾಲು ಬೆಚ್ಚಗಿರಲೆಂದು ಇಟ್ಟ ಬಿಸಿನೀರಿನ ಶಾಖದಿಂದೆದ್ದ ಬೊಬ್ಬೆ, ಇಂಥದೊಂದು ಗಾಯ ವಾರಗಟ್ಟಲೆ ಮಾಯದೆ ಉಳಿಯುವುದೇ ಮೊದಲ ಸುದ್ದಿ. ತಣ್ಣಗಿರುವ, ಸ್ಪರ್ಶ ತಿಳಿಯದ ಪಾದಕ್ಕೆ ಶಾಖ ಕೊಡುವ ರೂಢಿಯಂತೂ ನಿಲ್ಲಲೇಬೇಕು.

ಇಷ್ಟಾದ ಮೇಲೆ ಡ್ಯೂಪ್ಲೆಕ್ಸ್ ಅಲ್ಟ್ರಾಸೌಂಡ್, ಸಿಟಿ ಆಂಜಿಯೋಗ್ರಾಂ, ಎಂಆರ್ ಆಂಜಿಯೋಗ್ರಾಂ ಬರುತ್ತವೆ. ಎಲ್ಲಿ, ಎಷ್ಟು ಉದ್ದಕ್ಕೆ ತಡೆಯಿದೆ ಎಂಬ ನಕ್ಷೆ ಬೇಕಾಗುವುದು ನಾಳವನ್ನು ತೆರೆಯುವ ತೀರ್ಮಾನ ಹತ್ತಿರ ಬಂದಾಗ. ಕಾಯಿಲೆ ಇದೆಯೇ ಎಂದು ತಿಳಿಯಲು ಅವು ಬೇಕಿಲ್ಲ. ಸಿಟಿಗೆ ಕೊಡುವ ಕಾಂಟ್ರಾಸ್ಟ್ ಔಷಧಿ ದುರ್ಬಲ ಮೂತ್ರಪಿಂಡಗಳಿಗೆ ಭಾರವಾಗಬಹುದು ಎಂಬುದನ್ನೂ ಮರೆಯಬಾರದು.

ಚಿಕಿತ್ಸೆಯ ಪ್ರಶ್ನೆಯಲ್ಲಿ ನಮ್ಮ ಯೋಚನೆಯನ್ನು ದಾರಿ ತಪ್ಪಿಸುವುದು ಕಟ್ಟಿಕೊಂಡ ಕೊಳಾಯಿಯ ಚಿತ್ರ. ಕಸ ತೆಗೆದರೆ ನೀರು ಬರುತ್ತದೆ, ಕೆಲಸ ಮುಗಿಯಿತು ಎಂದು. ಅಪಧಮನಿಯ ಕಾಯಿಲೆ ಒಂದು ಜಾಗದಲ್ಲಿ ಕೂತಿರುವಂಥದ್ದಲ್ಲ. ಕಾಲಿನ ನಾಳ ಕಟ್ಟಿದವರಲ್ಲಿ ಬಹುಪಾಲು ಜನರಿಗೆ ಹೃದಯದ, ಮೆದುಳಿನ ನಾಳಗಳಲ್ಲೂ ಅದೇ ನಡೆಯುತ್ತಿರುತ್ತದೆ. ನಡೆದಾಗ ಮಾತ್ರ ನೋವಿರುವ ರೋಗಿಗಳನ್ನು ವರ್ಷಗಟ್ಟಲೆ ಹಿಂಬಾಲಿಸಿ ನೋಡಿದಾಗ ಕಂಡದ್ದೇನು? ಐದು ವರ್ಷಗಳಲ್ಲಿ ಕಾಲು ಕಳೆದುಕೊಳ್ಳುವವರು ನೂರಕ್ಕೆ ಒಬ್ಬರಿಂದ ಮೂವರು. ಅದೇ ಅವಧಿಯಲ್ಲಿ ಹೃದಯಾಘಾತವೋ ಪಾರ್ಶ್ವವಾಯುವೋ ಬಡಿದರೂ ಬದುಕುಳಿಯುವವರು ಸುಮಾರು ಇಪ್ಪತ್ತು ಮಂದಿ, ಸಾಯುವವರು ಹತ್ತರಿಂದ ಹದಿನೈದು ಮಂದಿ, ಅವರಲ್ಲಿ ಹೆಚ್ಚಿನವರು ಹೃದಯ, ರಕ್ತನಾಳಗಳ ಕಾರಣಕ್ಕೇ. ಕಾಲು ಹೋದೀತೆಂದು ಹೆದರುವ ಮನುಷ್ಯನ ಎದೆಗೇ ಅಪಾಯವಿದೆ ಎಂದು ಅವನಿಗೆ ಯಾರೂ ಹೇಳುವುದಿಲ್ಲ. ಆದ್ದರಿಂದಲೇ ತಂಬಾಕು ಬಿಡಿಸುವುದು, ಸ್ಟ್ಯಾಟಿನ್ ಗುಳಿಗೆ, ಆಸ್ಪಿರಿನ್ ಅಥವಾ ಕ್ಲೊಪಿಡೊಗ್ರೆಲ್, ಬಿಪಿ ಮತ್ತು ಶುಗರಿನ ಹತೋಟಿ, ಇವೇ ಮೊದಲ ಚಿಕಿತ್ಸೆ. ಸ್ಟೆಂಟ್ ಹಾಕಿ, ಇವನ್ನು ಚೀಟಿಯ ಕೊನೆಯಲ್ಲಿ ಗೀಚಿ ಕಳಿಸಿದರೆ ಲಂಡನ್ನಿನ ಅರಮನೆಯಲ್ಲಿ ನಡೆದದ್ದೇ ಮತ್ತೆ ನಡೆಯುತ್ತದೆ.

ನೋವಿಗೆ ಮದ್ದು ನಡಿಗೆ. ನೋವು ಬರುವವರೆಗೆ ನಡೆಯುವುದು, ತಡೆಯಲಾಗದಷ್ಟಾದಾಗ ನಿಲ್ಲುವುದು, ಹೋದಮೇಲೆ ಮತ್ತೆ ನಡೆಯುವುದು. ಹೀಗೆ ಒಂದು ಸಲಕ್ಕೆ ಅರ್ಧದಿಂದ ಮುಕ್ಕಾಲು ಗಂಟೆ, ವಾರಕ್ಕೆ ಕನಿಷ್ಠ ಮೂರು ಸಲ, ಮೂರು ತಿಂಗಳು. ಒಬ್ಬರು ಜೊತೆಗಿದ್ದು ನಡೆಸಿದರೆ ಫಲ ಹೆಚ್ಚು. ಕಿಬ್ಬೊಟ್ಟೆಯ ನಾಳ ಕಟ್ಟಿದವರಲ್ಲೇ ಇದನ್ನು ಪರೀಕ್ಷಿಸಿದ ಅಮೆರಿಕದ ಕ್ಲೆವರ್ ಅಧ್ಯಯನದ ಫಲಿತಾಂಶ 2012ರಲ್ಲಿ ಬಂತು. 111 ರೋಗಿಗಳ ಸಣ್ಣ ಅಧ್ಯಯನ ಅದು. ಆರು ತಿಂಗಳ ಕೊನೆಯಲ್ಲಿ ಟ್ರೆಡ್‌ಮಿಲ್ ಮೇಲೆ ಹೆಚ್ಚು ಹೊತ್ತು ನಡೆಯುವ ಶಕ್ತಿ ಕೂಡಿದ್ದು ಸ್ಟೆಂಟ್ ಹಾಕಿಸಿಕೊಂಡವರಿಗಿಂತ ಮೇಲ್ವಿಚಾರಣೆಯಲ್ಲಿ ನಡೆದವರಿಗೆ. ನಾಳ ಕಟ್ಟಿಕೊಂಡೇ ಇದ್ದರೂ ಸ್ನಾಯುಗಳು ಸಿಕ್ಕ ರಕ್ತವನ್ನೇ ಚೆನ್ನಾಗಿ ಬಳಸಿಕೊಳ್ಳಲು ಕಲಿತಿರಬೇಕು.

ಇದಕ್ಕೆ ಎದುರು ಮಾತಿದೆ, ಅದು ಹಗುರಾದ ಮಾತಲ್ಲ. ಅದೇ ಅಧ್ಯಯನದಲ್ಲಿ ತಮ್ಮ ದಿನನಿತ್ಯದ ಬದುಕು ಹೇಗಿದೆ ಎಂದು ಕೇಳಿದಾಗ ಹೆಚ್ಚು ಸಮಾಧಾನ ಹೇಳಿದವರು ಸ್ಟೆಂಟ್ ಹಾಕಿಸಿಕೊಂಡವರು. ಇಲಿಯಾಕ್ ನಾಳ ದಪ್ಪನೆಯದು, ರಕ್ತ ರಭಸದಿಂದ ಹರಿಯುವಂಥದು. ಅಲ್ಲಿ ಹಾಕಿದ ಸ್ಟೆಂಟು ಐದು ವರ್ಷಗಳ ಮೇಲೂ ಬಹುತೇಕ ರೋಗಿಗಳಲ್ಲಿ ತೆರೆದೇ ಇರುತ್ತದೆ. ಮಂಡಿಯ ಕೆಳಗಿನ ಸಣ್ಣ ನಾಳಗಳಿಗೆ ಹಾಕಿದ ಬಲೂನಿನ ಕೆಲಸ ವರ್ಷದೊಳಗೇ ಕೆಡುವುದು ಸಾಮಾನ್ಯ. ಎಪಿಎಂಸಿಯಲ್ಲಿ ಮೂಟೆ ಹೊರುವ ಹಮಾಲಿಗೆ ಮೂರು ತಿಂಗಳು ನಡೆದು ನೋಡು ಅನ್ನುವುದು, ಮೂರು ತಿಂಗಳು ಕೂಲಿ ಬಿಡು ಅಂದ ಹಾಗೆ. ಅವನ ತೊಡೆಸಂದಿಯಲ್ಲಿ ನಾಡಿ ಇಲ್ಲ, ಚಿಕ್ಕದೊಂದು ತಡೆ ಇದೆ, ಔಷಧಿ ಮತ್ತು ನಡಿಗೆ ಸಾಲುತ್ತಿಲ್ಲ ಎಂದಾದರೆ ಸ್ಟೆಂಟು ನ್ಯಾಯವೇ. ನಾನು ವಿರೋಧಿಸುವುದು, ಸ್ಕ್ಯಾನಿನಲ್ಲಿ ತಡೆ ಕಂಡಿತು ಎಂಬ ಒಂದೇ ಕಾರಣಕ್ಕೆ, ಅರ್ಧ ಕಿಲೋಮೀಟರ್ ಆರಾಮಾಗಿ ನಡೆಯುವವರನ್ನೂ ಮೇಜಿನ ಮೇಲೆ ಮಲಗಿಸುವುದನ್ನು. ಅಮೆರಿಕದಲ್ಲಿ ಆಸ್ಪತ್ರೆಯ ಹೊರಗಿನ ಖಾಸಗಿ ಕ್ಲಿನಿಕ್ಕುಗಳು ಅಗತ್ಯವಿಲ್ಲದವರ ಕಾಲಿನ ನಾಳಗಳನ್ನೂ ಕೆರೆದು ತೆರೆದದ್ದು, ಕೆಲವರು ಅದರಿಂದಲೇ ಕಾಲು ಕಳೆದುಕೊಂಡದ್ದು 2023ರಲ್ಲಿ ಪತ್ರಿಕೆಗಳ ತನಿಖೆಯಿಂದ ಬಯಲಾಯಿತು. ಪ್ರತಿ ಪ್ರೊಸೀಜರಿಗೂ ಹಣ ಬರುತ್ತಿತ್ತು, ಅದಕ್ಕೇ ಮಾಡಿದರು. ಅದೇ ದೇಶದ ಸರ್ಕಾರಿ ವಿಮೆ ಮೆಡಿಕೇರ್ 2017ರಿಂದ ಮೇಲ್ವಿಚಾರಣೆಯ ನಡಿಗೆಗೂ ಹಣ ಕೊಡುತ್ತಿದೆ. ನಮ್ಮ ಆರೋಗ್ಯ ಯೋಜನೆಗಳೂ ಒಬ್ಬ ಫಿಸಿಯೋಥೆರಪಿಸ್ಟು ಹನ್ನೆರಡು ವಾರ ರೋಗಿಯನ್ನು ನಡೆಸಿದ್ದಕ್ಕೆ ಬಿಲ್ಲು ಒಪ್ಪಬೇಕು. ಸ್ಟೆಂಟಿಗೆ ಮಾತ್ರ ದುಡ್ಡು ಸಿಗುವ ಕಡೆ ನಡಿಗೆಯ ಸಲಹೆ ಬಾಯಿಮಾತಾಗೇ ಉಳಿಯುತ್ತದೆ.

ಇನ್ನು ಓಡಬೇಕಾದ ಕಡೆ. ರಾತ್ರಿ ಮಲಗಿದರೆ ಪಾದ ಉರಿದು, ಮಂಚದಿಂದ ಕಾಲು ಇಳಿಬಿಟ್ಟರೆ ಮಾತ್ರ ನಿದ್ದೆ ಹತ್ತುವವರು, ಬೆರಳು ಕಪ್ಪಾದವರು, ಗಾಯ ಎರಡು ವಾರವಾದರೂ ಮಾಯದವರು ಬೇರೆಯೇ ಗುಂಪು. ಇವರಿಗೆ ನಡಿಗೆ ಹೇಳುವುದು ಅಪರಾಧ. ರಕ್ತ ಹರಿಸದಿದ್ದರೆ ಕಾಲು ಹೋಗುತ್ತದೆ. ಶುಗರಿನಿಂದಲೋ ನಾಳದ ಕಾಯಿಲೆಯಿಂದಲೋ ದೊಡ್ಡ ಮಟ್ಟದಲ್ಲಿ ಕಾಲು ಕಳೆದುಕೊಂಡವರಲ್ಲಿ ಸುಮಾರು ಅರ್ಧದಷ್ಟು ಜನ ಐದು ವರ್ಷ ಬದುಕುವುದಿಲ್ಲ. 1964ರ ಜನವರಿ 16ರಂದು ಅಮೆರಿಕದ ಪೋರ್ಟ್‌ಲ್ಯಾಂಡಿನಲ್ಲಿ ವೈದ್ಯ ಚಾರ್ಲ್ಸ್ ಡಾಟರ್ ಮುಂದೆ ಮಲಗಿದ್ದ 82ರ ಅಜ್ಜಿ ಇದೇ ಸ್ಥಿತಿಯಲ್ಲಿದ್ದರು. ಬೆರಳುಗಳಿಗೆ ಗ್ಯಾಂಗ್ರೀನ್. ಕಾಲು ಕತ್ತರಿಸುವುದೊಂದೇ ದಾರಿ ಎಂದು ಸರ್ಜನ್ನರು ಹೇಳಿದ್ದರು, ಅಜ್ಜಿ ಒಪ್ಪಿರಲಿಲ್ಲ. ಡಾಟರ್ ತೊಡೆಯ ನಾಳದೊಳಗೆ ಒಂದರ ಮೇಲೊಂದು ದಪ್ಪನೆಯ ನಳಿಗೆ ತೂರಿಸಿ ತಡೆಯನ್ನು ಹಿಗ್ಗಿಸಿದರು. ಪಾದ ಬೆಚ್ಚಗಾಯಿತು, ಗಾಯ ಮಾಯಿತು, ಅಜ್ಜಿ ಕೊನೆಯವರೆಗೂ ಸ್ವಂತ ಕಾಲಿನ ಮೇಲೆಯೇ ಓಡಾಡಿಕೊಂಡಿದ್ದರು. ಹತ್ತು ವರ್ಷಗಳ ಮೇಲೆ ಜ್ಯೂರಿಕ್‌ನಲ್ಲಿ ಆಂಡ್ರಿಯಾಸ್ ಗ್ರುಂಟ್ಸಿಗ್ ಕಾಲಿನ ನಾಳಕ್ಕೆ ಬಲೂನು ಬಳಸಿದರು. ಹೃದಯದ ಆಂಜಿಯೋಪ್ಲಾಸ್ಟಿ ಅದರ ನಂತರ, 1977ರಲ್ಲಿ, ಹುಟ್ಟಿತು. ಹೃದಯಕ್ಕೆ ಬಂದ ವಿದ್ಯೆ ಕಾಲಿನ ಮೇಲೆ ಕಲಿತದ್ದು, ಆದರೂ ಕಾಲಿಗೆ ಆ ಗೌರವ ಸಿಕ್ಕಿಲ್ಲ.

ಶಸ್ತ್ರಚಿಕಿತ್ಸೆಯ ಕಡೆಯೂ ಫ್ರಾನ್ಸಿನಲ್ಲಿ ದೊಡ್ಡ ಕೆಲಸ ಆಗಿತ್ತು. 1948ರಲ್ಲಿ ಝಾನ್ ಕುನ್ಲಿನ್ ರೋಗಿಯ ಕಾಲಿನದೇ ಅಭಿಧಮನಿಯನ್ನು ತೆಗೆದು ತಡೆಯನ್ನು ಬಳಸಿ ಹೋಗುವ ಹಾಗೆ ಹೊಲಿದರು. 1950ರ ನವೆಂಬರಿನಲ್ಲಿ ಝಾಕ್ ಊದೋ ಮಹಾಪಧಮನಿಯ ಕವಲನ್ನೇ ಬದಲಾಯಿಸಿದರು. ಈ ಊದೋ ಅದೇ ವರ್ಷದ ಅನ್ನಪೂರ್ಣಾ ಯಾತ್ರೆಯ ವೈದ್ಯ. ಶಿಖರ ಮುಟ್ಟಿ ಬಂದವರ ಹೆಪ್ಪುಗಟ್ಟಿದ ಕಾಲುಗಳಿಗೆ ರಕ್ತ ಹರಿಯಲೆಂದು ಹಿಮಾಲಯದ ಟೆಂಟಿನಲ್ಲೇ ತೊಡೆಸಂದಿಯ ಅಪಧಮನಿಗೆ ಚುಚ್ಚುಮದ್ದು ಕೊಟ್ಟವರು, ಕೊನೆಗೆ ಕೊಳೆತ ಬೆರಳುಗಳನ್ನು ತಾವೇ ಕತ್ತರಿಸಬೇಕಾಗಿ ಬಂದವರು. ರಕ್ತ ತಲುಪದ ಪಾದ ಏನಾಗುತ್ತದೆ ಎಂಬುದನ್ನು ಅಷ್ಟು ಹತ್ತಿರದಿಂದ ನೋಡಿದ ಮನುಷ್ಯ ಕೆಲವೇ ತಿಂಗಳಲ್ಲಿ ಆ ಧೈರ್ಯದ ಕೆಲಸಕ್ಕೆ ಕೈಹಾಕಿದ್ದು ನನಗೆ ಆಕಸ್ಮಿಕವಾಗಿ ಕಾಣುವುದಿಲ್ಲ. ಕಿಬ್ಬೊಟ್ಟೆಯ ದೊಡ್ಡ ತಡೆಗಳಿಗೆ ಡೇಕ್ರಾನ್ ಬಟ್ಟೆಯ ಕವಲುನಾಳ ಹೊಲಿಯುವ ಆಪರೇಷನ್ ಇಂದಿಗೂ ಬಹುಕಾಲ ಬಾಳುವ ಚಿಕಿತ್ಸೆ. ಆದರೆ ಹೊಟ್ಟೆ ತೆರೆಯಬೇಕು, ಹೃದಯ ಗಟ್ಟಿಯಿರಬೇಕು.

ಅಪಾಯದಲ್ಲಿರುವ ಕಾಲಿಗೆ ಬೈಪಾಸೋ ಬಲೂನೋ? 2022ರ ಬೆಸ್ಟ್-ಸಿಎಲ್ಐ ಅಧ್ಯಯನ, ಕಾಲಿನ ಒಳ್ಳೆಯ ಅಭಿಧಮನಿ ಸಿಗುವವರಿಗೆ ಬೈಪಾಸ್ ಮೇಲು ಅಂದಿತು. ಮರುವರ್ಷ ಬಂದ ಬಾಸಿಲ್-2, ಮಂಡಿಯ ಕೆಳಗಿನ ತಡೆಗಳಲ್ಲಿ ಮೊದಲು ಬಲೂನು ಮಾಡಿಸಿಕೊಂಡವರ ಸ್ಥಿತಿ ಮೇಲು ಅಂದಿತು. ಎರಡನ್ನೂ ಕೂಡಿಸಿ ಓದಿದರೆ ನನಗೆ ತಿಳಿಯುವುದಿಷ್ಟು: ಒಂದೇ ಕಸುಬು ಬಲ್ಲವರ ಕೈಗೆ ರೋಗಿ ಸಿಕ್ಕಬಾರದು. ಬಲೂನು ಮಾತ್ರ ಬಲ್ಲವರಿಗೆ ಎಲ್ಲರೂ ಬಲೂನಿಗೆ ತಕ್ಕವರಾಗಿ ಕಾಣುತ್ತಾರೆ. ರಕ್ತನಾಳದ ಸರ್ಜನ್, ರೇಡಿಯಾಲಜಿಯವರು, ಶುಗರ್ ವೈದ್ಯರು, ಪಾದದ ಗಾಯ ನೋಡುವವರು ಒಟ್ಟಿಗೆ ಕೂತು ಮಾತಾಡುವ ಜಾಗದಲ್ಲಿ ಕಾಲುಗಳು ಉಳಿಯುತ್ತವೆ. ಬೆಂಗಳೂರಿನಲ್ಲಿ ಅಂಥ ಜಾಗಗಳಿವೆ. ರಾಯಚೂರಿನ, ಚಾಮರಾಜನಗರದ ರೈತನಿಗೆ ಅವು ದೂರ.

ಬೀಡಿಯ ಮಾತಾಡದೆ ಕರ್ನಾಟಕದಲ್ಲಿ ಈ ವಿಷಯ ಮುಗಿಯದು. ಮೂವತ್ತು, ನಲವತ್ತರ ಹರೆಯದಲ್ಲೇ ಬೆರಳು ಕಪ್ಪಾಗುವ ಬರ್ಗರ್ ಕಾಯಿಲೆಯನ್ನು ನ್ಯೂಯಾರ್ಕಿನ ಲಿಯೋ ಬರ್ಗರ್ 1908ರಲ್ಲಿ ವಿವರಿಸಿದರು. ಇದು ಕೊಬ್ಬು ಕೂತು ಬರುವುದಲ್ಲ. ತಂಬಾಕು ಬಳಸುವವರಲ್ಲಿ ಸಣ್ಣ ನಾಳಗಳು ಉರಿಯೂತದಿಂದ ಹೆಪ್ಪುಗಟ್ಟಿ ಮುಚ್ಚಿಹೋಗುತ್ತವೆ, ಬೈಪಾಸ್ ಹೊಲಿಯಲು ಕೆಳಗೆ ನಾಳವೇ ಉಳಿದಿರುವುದಿಲ್ಲ. ತಂಬಾಕನ್ನು ಪೂರ್ತಿ ಬಿಟ್ಟವರು ಕಾಲು ಕಳೆದುಕೊಳ್ಳುವುದು ಅಪರೂಪ, ದಿನಕ್ಕೆ ಒಂದೆರಡು ಸೇದಿದರೂ ಕಾಯಿಲೆ ಮುಂದುವರಿಯುತ್ತದೆ. ನಿಪ್ಪಾಣಿಯಲ್ಲಿ ಬೆಳೆಯುವ ತಂಬಾಕಿನ, ಕರಾವಳಿಯ ಮನೆಗಳಲ್ಲಿ ಹೆಂಗಸರು ಕೂತು ಕಟ್ಟುವ ಬೀಡಿಯ ಹಿಂದೆ ಹೊಟ್ಟೆಪಾಡಿದೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ತಂಬಾಕು ಬಿಡಿಸುವ ಆಪ್ತಸಲಹೆ ಮತ್ತು ಔಷಧಿಯನ್ನು ರಕ್ತನಾಳದ ವಾರ್ಡಿನಲ್ಲೇ ಕೊಡದ ಆಸ್ಪತ್ರೆ ಈ ರೋಗಿಗೆ ಚಿಕಿತ್ಸೆಯನ್ನೇ ಕೊಟ್ಟಿಲ್ಲ ಎಂದು ಹೇಳಬೇಕಾಗುತ್ತದೆ.

ಎಲ್ಲಕ್ಕಿಂತ ತುರ್ತಾದದ್ದು ಹಠಾತ್ತನೆ ಕಟ್ಟುವ ಕಾಲು. ಹೃದಯದ ಬಡಿತ ಏರುಪೇರಾದವರಲ್ಲಿ, ರುಮ್ಯಾಟಿಕ್ ಜ್ವರದಿಂದ ಕವಾಟ ಕೆಟ್ಟವರಲ್ಲಿ ಹೆಪ್ಪೊಂದು ಕಿತ್ತುಬಂದು ಕಾಲಿನ ನಾಳದಲ್ಲಿ ಸಿಕ್ಕಿಕೊಳ್ಳುತ್ತದೆ. ಒಮ್ಮೆಗೇ ನೋವು, ಕಾಲು ತಣ್ಣಗೆ, ಬಿಳಿಚಿ, ಜೋಮು ಹಿಡಿದು, ಬೆರಳು ಅಲ್ಲಾಡಿಸಲಾಗದು. ಬಳಸುದಾರಿ ಬೆಳೆಯಲು ಸಮಯವೇ ಸಿಕ್ಕಿರುವುದಿಲ್ಲ. ಆರು ಗಂಟೆ ಕಳೆದರೆ ಸ್ನಾಯು, ನರಗಳು ಸಾಯತೊಡಗುತ್ತವೆ. ಥಾಮಸ್ ಫೋಗರ್ಟಿ 1963ರಲ್ಲಿ ಪ್ರಕಟಿಸಿದ ಪುಟ್ಟ ಬಲೂನು ನಳಿಗೆಯಿಂದ ತೊಡೆಸಂದಿಯಲ್ಲಿ ಸಣ್ಣದಾಗಿ ಕೊಯ್ದು ಆ ಹೆಪ್ಪನ್ನು ಹೊರಗೆಳೆಯಬಹುದು, ತರಬೇತಿ ಪಡೆದ ಯಾವ ಜನರಲ್ ಸರ್ಜನ್ನೂ ಮಾಡಬಹುದಾದ ಕೆಲಸವಿದು. ಎದೆನೋವಿಗೆ ಆಂಬುಲೆನ್ಸ್ ಕರೆಯಬೇಕೆಂದು ಜನ ಕಲಿತಿದ್ದಾರೆ. ತಣ್ಣಗಾದ ಕಾಲಿಗೆ ಇನ್ನೂ ಎಣ್ಣೆ ತಿಕ್ಕುತ್ತಾ ಬೆಳಗಾಗಲಿ ಅನ್ನುತ್ತಾರೆ.

ಪ್ರತಿ ಜಿಲ್ಲಾ ಆಸ್ಪತ್ರೆಯಲ್ಲಿ ಒಂದು ಕೈ ಡಾಪ್ಲರ್, ಅದನ್ನು ಬಳಸಬಲ್ಲ ಇಬ್ಬರು ನರ್ಸುಗಳು, ಶುಗರ್ ಕ್ಲಿನಿಕ್ಕಿಗೆ ಬಂದವರ ಚಪ್ಪಲಿ ಬಿಡಿಸಿ ಪಾದ ಮುಟ್ಟುವ ಪದ್ಧತಿ, ಇಷ್ಟಕ್ಕೆ ಹೊಸ ಕಟ್ಟಡ ಬೇಕಿಲ್ಲ. ಕಾಲು ಕತ್ತರಿಸುವ ಒಪ್ಪಿಗೆ ಪತ್ರದಲ್ಲಿ ಇನ್ನೂ ಎರಡು ಸಾಲು ಸೇರಬೇಕು: ತೊಡೆಸಂದಿಯ ನಾಡಿ ಸಿಕ್ಕಿತೇ, ಪಾದದ ಅಥವಾ ಹೆಬ್ಬೆರಳಿನ ಒತ್ತಡ ಎಷ್ಟು. ಪ್ರಾಣಕ್ಕೇ ಎರವಾಗುವ ಸೋಂಕಿದ್ದಾಗ ಹೊರತು, ಆ ಎರಡು ಸಾಲು ಖಾಲಿ ಇರುವಾಗ ಯಾವ ರೋಗಿಯ ಹೆಬ್ಬೆಟ್ಟನ್ನೂ ಆ ಕಾಗದದ ಮೇಲೆ ಒತ್ತಿಸಿಕೊಳ್ಳಬಾರದು.